ಸೂಜಿ ಚುಚ್ಚಿ ಐದು ದಿನ ಆಯ್ತು, ರಿಪೋರ್ಟ್ ನೆಗೆಟಿವ್ ಬಂದಿದೆ. ನಂಬಬಹುದಾ?

ಭತ್ತದ ನಾಡು | ಫೆಬ್ರವರಿ 8, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಬರೆಯುತ್ತಿದ್ದೇನೆ. ನಮ್ಮ ಅವ್ವ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವಾರ್ಡು ಒರೆಸುವ, ಕಸ ತೆಗೆಯುವ ಕೆಲಸ ಮಾಡುತ್ತಾಳೆ. ಫೆಬ್ರವರಿ 3ರ ಬೆಳಿಗ್ಗೆ ಕಸದ ಚೀಲದ ಬಾಯಿ ಕಟ್ಟುವಾಗ ಒಳಗಿದ್ದ ಸೂಜಿ ಹೆಬ್ಬೆರಳಿನ ಬುಡಕ್ಕೆ ಚುಚ್ಚಿದೆ. ಕೈಗವಸು ಹಾಕಿದ್ದಳು, ಆದರೆ ಅದು ಆ ತೆಳು ಪ್ಲಾಸ್ಟಿಕ್ಕಿನದು. ರಕ್ತ ಬಂತು, ತೊಳೆದುಕೊಂಡು ಅರಿಶಿನ ಹಚ್ಚಿ ಕೆಲಸ ಮುಂದುವರಿಸಿದ್ದಾಳೆ. ಮನೆಯಲ್ಲಿ ಹೇಳಿದ್ದೇ ನಿನ್ನೆ.

ಯಾವ ಪೇಶೆಂಟಿಗೆ ಹಾಕಿದ ಸೂಜಿ ಅಂತ ಯಾರಿಗೂ ಗೊತ್ತಿಲ್ಲ. ಇವತ್ತು ಅಲ್ಲೇ ರಕ್ತ ತೆಗೆದು ಕಾರ್ಡ್ ಟೆಸ್ಟ್ ಮಾಡಿದ್ದಾರೆ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ), ಎಚ್‌ಸಿವಿ (ಹೆಪಟೈಟಿಸ್ ಸಿ), ಎಚ್‌ಐವಿ ಮೂರೂ ನಾನ್ ರಿಯಾಕ್ಟಿವ್, ಅಂದ್ರೆ ನೆಗೆಟಿವ್. 'ಏನೂ ಇಲ್ಲ, ಆರಾಮಾಗಿರು' ಅಂದರಂತೆ. ಅವ್ವ ಖುಷಿಯಾಗಿ ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದಾಳೆ. ನನಗೆ ಯಾಕೋ ಸಮಾಧಾನ ಇಲ್ಲ. ಐದು ದಿನಕ್ಕೇ ಗೊತ್ತಾಗುತ್ತಾ?

ಕೋಟೆ ಬಿಸಿಲು | ಫೆಬ್ರವರಿ 8, ರಾತ್ರಿ 10.05

ತಮ್ಮಾ, ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದ ಮೇಲೆ ಸ್ಟಾಫ್ ನರ್ಸ್ ಕೆಲಸ ಮಾಡಿದವಳು ನಾನು. ನಿನ್ನ ಪ್ರಶ್ನೆಗೆ ಉತ್ತರ ಆಮೇಲೆ ಕೊಡೋಣ. ಮೊದಲು ಇದನ್ನು ಓದು.

ಹೆಪಟೈಟಿಸ್ ಅಂದ್ರೆ ಲಿವರಿಗೆ ಬರುವ ವೈರಸ್ ಸೋಂಕು. ಅವ್ವನಿಗೆ ಹೆಪಟೈಟಿಸ್ ಬಿ ಲಸಿಕೆ ಯಾವಾಗಲಾದರೂ ಆಗಿದೆಯಾ? ಆಗಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಆಸ್ಪತ್ರೆಯಲ್ಲಿರಿ. ಎರಡು ಇಂಜೆಕ್ಷನ್ ಇವೆ. ಒಂದು ಲಸಿಕೆ. ಇನ್ನೊಂದು ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ತಯಾರಾದ ಪ್ರತಿಕಾಯ. ಇದನ್ನು 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಸೂಜಿ ಚುಚ್ಚಿದವರಿಗೆ ಏಳು ದಿನದವರೆಗೆ ಕೊಡುತ್ತಾರೆ, ಅದರಾಚೆ ಕೊಟ್ಟು ಉಪಯೋಗ ಇದೆ ಅನ್ನೋದಕ್ಕೆ ಆಧಾರ ಕಡಿಮೆ. ನಾಳೆ ಆರನೇ ದಿನ. ಸೂಜಿ ಯಾರದೆಂದು ಗೊತ್ತಿಲ್ಲದಿದ್ದರೂ, ಲಸಿಕೆ ಆಗದವರಿಗೆ ಎರಡನ್ನೂ ಕೊಡುವುದು ರೂಢಿ. ಕೊನೆಗೆ ತೀರ್ಮಾನ ಡಾಕ್ಟರದು, ಆದರೆ ಕೇಳುವುದು ನಿನ್ನ ಕೆಲಸ. ಬಾಯಿಬಿಟ್ಟು ಕೇಳು.

ಎಚ್‌ಐವಿ ಅಂಟದಂತೆ ತಡೆಯುವ ಮಾತ್ರೆಗೆ 72 ಗಂಟೆ ಗಡುವು. ಅದು ದಾಟಿದೆ. ಅವತ್ತೇ ಹೇಳಿದ್ದರೆ ಅದನ್ನೂ ಯೋಚಿಸಬಹುದಿತ್ತು. ಅವ್ವನ ಮೇಲೆ ಸಿಟ್ಟಾಗಬೇಡ. ಕೆಲಸ ಹೋಗುತ್ತೆ ಅಂತ ಹೆದರಿ ಬಾಯಿ ಮುಚ್ಚಿಕೊಂಡವರನ್ನು ಬಹಳ ಜನ ನೋಡಿದ್ದೇನೆ.

ಭತ್ತದ ನಾಡು | ಫೆಬ್ರವರಿ 8, ರಾತ್ರಿ 10.12

ಲಸಿಕೆ ಆಗಿಲ್ಲ ಅಕ್ಕ. ಅವ್ವನಿಗೆ 48 ವರ್ಷ. ಚಿಕ್ಕವಳಿದ್ದಾಗ ತೋಳಿಗೆ ಹಾಕಿದ ದೇವಿ ಗುರುತು ಬಿಟ್ಟರೆ ಬೇರೆ ಏನೂ ನೆನಪಿಲ್ಲ ಅಂತಾಳೆ. ಬೆಳಿಗ್ಗೆ ಹೊರಡ್ತೀವಿ.

ಲ್ಯಾಬ್ ಅಣ್ಣ ರಾಯಚೂರು | ಫೆಬ್ರವರಿ 8, ರಾತ್ರಿ 11.30

ಅಕ್ಕ ಹೇಳಿದ್ದು ಸರಿ, ಮೊದಲು ಅದು. ಈಗ ಟೆಸ್ಟಿನ ವಿಷಯ. ನಾನು ಲ್ಯಾಬಿನಲ್ಲಿ ದಿನಾ ಇದೇ ಕಾರ್ಡು ಹಿಡಿದು ಕೂರುವವನು.

ಆ ರಿಪೋರ್ಟು ಸುಳ್ಳಲ್ಲ. ಆದರೆ ನಿಮ್ಮ ಪ್ರಶ್ನೆ ಅದಕ್ಕೆ ಸೇರಿದ್ದಲ್ಲ. ಭತ್ತ ಚೆಲ್ಲಿದ ಮರುದಿನ ಮಡಿ ಹತ್ತಿರ ಹೋಗಿ ನಿಂತು 'ಸಸಿ ಇಲ್ಲ, ಬೀಜ ಬಿದ್ದೇ ಇಲ್ಲ' ಅಂದರೆ ಹೇಗೆ? ಗಂಗಾವತಿಯವರಿಗೆ ಬೇರೆ ಹೇಳಬೇಕಾ. ಫೆಬ್ರವರಿ 8ರ ರಕ್ತ ಹೇಳುವುದು ಇಷ್ಟೇ: ಫೆಬ್ರವರಿ 3ಕ್ಕೆ ಮುಂಚೆ ಅವ್ವನಿಗೆ ಈ ಸೋಂಕುಗಳು ಇದ್ದಂತೆ ಕಾಣುವುದಿಲ್ಲ. ಸೂಜಿಯಿಂದ ಏನಾದರೂ ಬಂತಾ ಅನ್ನೋದಕ್ಕೆ ಅದು ಬಾಯಿ ಬಿಡಲ್ಲ.

ಹಾಗಂತ ಬಿಸಾಡಬೇಡಿ. ಈ ಕಾಗದ ಬಹಳ ಬೆಲೆಯದು. ಮುಂದೆ ಅಕಸ್ಮಾತ್ ಪಾಸಿಟಿವ್ ಬಂದರೆ, 'ಮೊದಲೇ ಇತ್ತು' ಅಂತ ಆಸ್ಪತ್ರೆಯವರಾಗಲಿ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯವರಾಗಲಿ ಕೈ ತೊಳೆದುಕೊಳ್ಳಲು ಆಗಬಾರದು. ತಾರೀಖು, ಸೀಲು ಇದೆಯಾ ನೋಡಿ. ಇಲ್ಲದಿದ್ದರೆ ನಾಳೆ ಜಿಲ್ಲಾ ಆಸ್ಪತ್ರೆಯಲ್ಲೇ ಮತ್ತೊಮ್ಮೆ ಮಾಡಿಸಿ ಚೀಟಿ ತಗೊಳ್ಳಿ.

ಈಗ ಯಾವುದು ಯಾವಾಗ ಕಾಣುತ್ತೆ ಅಂತ.

ಬಿ: ಕಾರ್ಡಿನಲ್ಲಿ ನೋಡುವ ಎಚ್‌ಬಿಎಸ್‌ಎಜಿ ಅಂದ್ರೆ ವೈರಸ್ಸಿನ ಮೇಲ್ಮೈ ಪ್ರೋಟೀನು. ಸೋಂಕು ತಗುಲಿದ ಸರಾಸರಿ ನಾಲ್ಕು ವಾರಕ್ಕೆ ರಕ್ತದಲ್ಲಿ ಸಿಗುತ್ತೆ. ಕೆಲವರಲ್ಲಿ ಒಂದೇ ವಾರಕ್ಕೆ, ಕೆಲವರಲ್ಲಿ ಒಂಬತ್ತು ವಾರ ಆದರೂ ಆಗಬಹುದು. ಆರು ವಾರದ ನೆಗೆಟಿವ್ ಒಳ್ಳೆಯ ಸುದ್ದಿ, ಮೂರು ತಿಂಗಳದ್ದು ಇನ್ನೂ ಒಳ್ಳೆಯದು. ಫೈಲು ಮುಚ್ಚುವುದು ಆರು ತಿಂಗಳಿಗೆ. ಆಗ ಎಚ್‌ಬಿಎಸ್‌ಎಜಿ ಜೊತೆ ಕೋರ್ ಆಂಟಿಬಾಡಿಯನ್ನೂ (ವೈರಸ್ಸಿನ ತಿರುಳಿನ ವಿರುದ್ಧ ದೇಹ ಮಾಡುವ ಪ್ರತಿಕಾಯ) ನೋಡುತ್ತಾರೆ.

ಸಿ: ಇದು ಬೇರೆ ಜಾತಿ. ಕಾರ್ಡು ನೋಡುವುದು ವೈರಸ್ಸನ್ನಲ್ಲ, ನಮ್ಮ ದೇಹ ಮಾಡಿದ ಪ್ರತಿಕಾಯವನ್ನು. ಅದು ತಯಾರಾಗಲು ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ವಾರ ಬೇಕು. ಕೆಲವರಿಗೆ ಆರು ತಿಂಗಳು ಹಿಡಿಯುತ್ತೆ. ಅಷ್ಟು ದಿನ ಕಾಯಲಾಗದವರಿಗೆ ಆರ್‌ಎನ್‌ಎ ಟೆಸ್ಟ್ ಇದೆ, ಅದು ವೈರಸ್ಸನ್ನೇ ಹುಡುಕುತ್ತೆ. ಎರಡು ವಾರಕ್ಕೇ ಕಾಣಬಹುದು, ಮೂರರಿಂದ ಆರು ವಾರದ ನಡುವೆ ಮಾಡಿಸಿದರೆ ಚೆನ್ನ. ಹೊರಗೆ ಮಾಡಿಸಿದರೆ ಸಾವಿರಗಳ ಲೆಕ್ಕ. ಸಿಗೆ ಲಸಿಕೆಯೂ ಇಲ್ಲ, ತಡೆ ಇಂಜೆಕ್ಷನ್ನೂ ಇಲ್ಲ. ಇದ್ದರೆ ಗುಣಪಡಿಸುವ ಮಾತ್ರೆ ಇದೆ. ಅದೇ ಸಮಾಧಾನ.

ಧೈರ್ಯಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸಿ ಇರುವವರ ಸೂಜಿಯೇ ಚುಚ್ಚಿದರೂ ನೂರಕ್ಕೆ ಎರಡಕ್ಕಿಂತ ಕಡಿಮೆ ಜನರಿಗೆ ಅಂಟುತ್ತೆ. ಎಚ್‌ಐವಿ ಸಾವಿರಕ್ಕೆ ಮೂರು. ಬಿ ಮಾತ್ರ ಒರಟ: ಲಸಿಕೆ ಇಲ್ಲದವರಿಗೆ ನೂರಕ್ಕೆ ಆರರಿಂದ ಮೂವತ್ತು. ಅಕ್ಕ ಅಷ್ಟು ಅವಸರ ಮಾಡಿದ್ದು ಅದಕ್ಕೇ.

ಮಿರ್ಚಿ ಒಗ್ಗರಣೆ | ಫೆಬ್ರವರಿ 9, ಬೆಳಿಗ್ಗೆ 7.15

ಸುಮ್ನೆ ಹೆದರಿಸಬೇಡ್ರಪ್ಪ. ನಮ್ಮ ಕಡೆ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರಿದ್ದಾರೆ. ಮೂರು ಭಾನುವಾರ ಹೋದರೆ ಹಳದಿ ಇಳಿಯುತ್ತೆ. ನಮ್ಮ ಕಾಕಾ, ನಮ್ಮ ಅಳಿಯ ಇಬ್ಬರೂ ಅದರಲ್ಲೇ ಆರಾಮಾದರು.

ಕೋಟೆ ಬಿಸಿಲು | ಫೆಬ್ರವರಿ 9, ಬೆಳಿಗ್ಗೆ 7.50

ನಿಮ್ಮ ಕಾಕಾನಿಗೆ ಬಂದಿದ್ದು ನೀರಿನ ಕಾಮಾಲೆ ಇರಬೇಕು ಅಣ್ಣ. ಹೆಪಟೈಟಿಸ್ ಎ ಇಲ್ಲವೇ ಇ. ಕಾಲುವೆ ನೀರು, ಪೈಪ್ ಒಡೆದು ಚರಂಡಿ ಸೇರಿದ ನೀರು ಕುಡಿದು ಬರುವಂಥದ್ದು. ಅದು ಬಹುತೇಕ ಜನರಲ್ಲಿ ಕೆಲವು ವಾರದಲ್ಲಿ ತಾನೇ ಹೋಗುತ್ತೆ. ಸೊಪ್ಪು ತಿಂದರೂ ಹೋಗುತ್ತೆ, ತಿನ್ನದಿದ್ದರೂ ಹೋಗುತ್ತೆ. ಹೆಸರು ಮಾತ್ರ ಸೊಪ್ಪಿನವರಿಗೆ. (ಬಸುರಿಯರಿಗೆ ಇ ಬಂದರೆ ಮಾತ್ರ ಆಟ ಬೇಡ, ಜೀವಕ್ಕೇ ಅಪಾಯ.) ರಕ್ತದಿಂದ ಬರುವ ಬಿ, ಸಿ ಬಹಳ ಜನರಿಗೆ ಹಳದಿಯನ್ನೇ ತೋರಿಸುವುದಿಲ್ಲ. ಕಣ್ಣು ಬೆಳ್ಳಗಿದೆ, ಊಟ ಸೇರುತ್ತೆ, ಒಳಗೆ ಲಿವರ್ ಸವೆಯುತ್ತಿರುತ್ತೆ. ಹಳದಿ ಕಂಡಾಗ ನೋಡೋಣ ಅಂತ ಕೂತರೆ ಆಗಲ್ಲ.

ಭತ್ತದ ನಾಡು | ಫೆಬ್ರವರಿ 9, ರಾತ್ರಿ 8.30

ಆಯಿತು. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಕ್ಕಿತು. ಇಮ್ಯುನೋಗ್ಲೋಬ್ಯುಲಿನ್ ಗಂಗಾವತಿಯಲ್ಲಿ ಸಿಗಲಿಲ್ಲ, ನಾಲ್ಕು ಮೆಡಿಕಲ್ ಶಾಪ್ ತಿರುಗಿದೆ. ಕೊನೆಗೆ ಬಳ್ಳಾರಿಯಲ್ಲಿ ಇದೆ ಅಂತ ಗೊತ್ತಾಗಿ ಬೈಕಿನಲ್ಲಿ ಹೋಗಿ ತಂದೆ. ಐಸ್ ಪ್ಯಾಕ್ ಇಟ್ಟು ಸಣ್ಣ ಥರ್ಮಾಕೋಲ್ ಡಬ್ಬಿಯಲ್ಲಿ ಕೊಟ್ಟರು. ಬಿಸಿಲಿಗೆ ಕರಗಿಬಿಟ್ಟೀತು ಅಂತ ಹಾದಿಯಲ್ಲಿ ಚಹಾಕ್ಕೂ ನಿಲ್ಲಲಿಲ್ಲ. ಅವ್ವನ ತೂಕ ನೋಡಿ ಡೋಸ್ ಲೆಕ್ಕ ಹಾಕಿದರು. ಲಸಿಕೆ ಒಂದು ತೋಳಿಗೆ, ಇದು ಬೇರೆ ಕಡೆಗೆ.

ದುಡ್ಡು ಎಷ್ಟಾಯಿತು ಅಂತ ಅವ್ವನಿಗೆ ಹೇಳಿಲ್ಲ. ಹೇಳಿದರೆ ಬೈಯುತ್ತಾಳೆ.

ನರ್ಸಿಂಗ್ ಹೋಮಿನವರು ಕೊಡುತ್ತಾರಾ ಅಂತ ಕೇಳಿದೆ. 'ನಮ್ಮ ಸ್ಟಾಫ್ ಅಲ್ಲ, ಏಜೆನ್ಸಿ ಕೇಳಿ' ಅಂದರು. ಏಜೆನ್ಸಿಯವರು ಫೋನ್ ಎತ್ತುತ್ತಿಲ್ಲ.

ಕೋಟೆ ಬಿಸಿಲು | ಫೆಬ್ರವರಿ 9, ರಾತ್ರಿ 9.00

ಭೇಷ್ ತಮ್ಮಾ. ಬಿಲ್ಲು ಜೋಪಾನ. ಘಟನೆ ನಡೆದ ದಿನ, ಹೊತ್ತು, ವಾರ್ಡು ಎಲ್ಲ ಬರೆದು ಒಂದು ಅರ್ಜಿ ಕೊಟ್ಟು, ಇನ್ನೊಂದು ಪ್ರತಿ ಮೇಲೆ ತಲುಪಿದ ಸಹಿ ಹಾಕಿಸಿಕೋ. ಸೂಜಿ ಕಸದ ಚೀಲದಲ್ಲಿ ಇರಲೇಬಾರದು. ಸೂಜಿಗೆ ಬಿಳಿ ಗಟ್ಟಿ ಡಬ್ಬಿ ಅಂತಲೇ ಇದೆ, ಚುಚ್ಚಿ ಹೊರಬರದಂಥದ್ದು. 2016ರ ನಿಯಮ. ತಪ್ಪು ಅವ್ವನದಲ್ಲ.

ಮನೆಯಲ್ಲಿ ಪ್ರತ್ಯೇಕ ತಟ್ಟೆ, ಲೋಟ ಅಂತ ಏನೂ ಶುರು ಮಾಡಬೇಡಿ. ಒಟ್ಟಿಗೆ ಉಂಡರೆ, ಮೊಮ್ಮಗನನ್ನು ಎತ್ತಿಕೊಂಡರೆ ಏನೂ ಅಂಟಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಇರಲಿ. ಗಂಡ ಹೆಂಡತಿ ಮಧ್ಯೆ ಕೊನೆಯ ರಿಪೋರ್ಟ್ ಬರುವವರೆಗೆ ನಿರೋಧ್. ಅಪ್ಪನಿಗೆ ನೀನು ಹೇಳಲು ನಾಚಿಕೆ ಅಂದ್ರೆ ಡಾಕ್ಟರ್ ಹತ್ತಿರ ಹೇಳಿಸು.

ಹಟ್ಟಿ ಚಿನ್ನ | ಫೆಬ್ರವರಿ 12, ಮಧ್ಯಾಹ್ನ 1.20

ಇದನ್ನೆಲ್ಲ ಓದಿ ನನಗೂ ತಲೆ ಕೆಟ್ಟಿತು. ಜಾತ್ರೆಯಲ್ಲಿ ಗೆಳೆಯರು ಹಚ್ಚೆ ಹಾಕಿಸಿಕೊಂಡರು ಅಂತ ನಾನೂ ಹಾಕಿಸಿಕೊಂಡೆ. ನನಗಿಂತ ಮುಂಚೆ ಐದಾರು ಜನ. ಸೂಜಿ ಬದಲಿಸಿದ್ದನ್ನು ನೋಡಲಿಲ್ಲ. ಅದೇ ಬಣ್ಣದ ಬಟ್ಟಲು. ಆಗಿ ಐದು ವಾರ. ರಕ್ತದಾನ ಮಾಡಿದರೆ ಅವರೇ ಎಲ್ಲ ಟೆಸ್ಟ್ ಪುಕ್ಕಟೆ ಮಾಡ್ತಾರಂತೆ, ಹೌದಾ?

ಲ್ಯಾಬ್ ಅಣ್ಣ ರಾಯಚೂರು | ಫೆಬ್ರವರಿ 12, ರಾತ್ರಿ 10.40

ಹೌದು, ಟೆಸ್ಟ್ ಮಾಡ್ತಾರೆ. ಆದರೆ ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಕೈ ಮುಗಿದು ಕೇಳುತ್ತೇನೆ.

ನಿಮ್ಮದು ಐದನೇ ವಾರ. ಸೋಂಕು ಇದ್ದೂ ಟೆಸ್ಟಿಗೆ ಸಿಗದ ಅವಧಿ ಅಂದ್ರೆ ಇದೇ. ವಿಂಡೋ ಪೀರಿಯಡ್ ಅಂತಾರೆ. ನಿಮ್ಮ ಬಾಟಲಿಗೆ ನೆಗೆಟಿವ್ ಚೀಟಿ ಅಂಟುತ್ತೆ, ಅದು ಇನ್ನೊಬ್ಬರ ಹೆರಿಗೆಗೋ, ಯಾವುದೋ ಮಗುವಿಗೋ ಹೋಗುತ್ತೆ. ರಕ್ತ ನಿಧಿಯಲ್ಲಿ ಕೊಡುವ ಫಾರಮ್ಮಿನಲ್ಲಿ ಹಚ್ಚೆ ಬಗ್ಗೆ ಕೇಳುವುದು, ಹಾಕಿಸಿಕೊಂಡವರನ್ನು ಕೆಲಕಾಲ ದೂರ ಇಡುವುದು ಅದಕ್ಕೇ. ಅಲ್ಲಿ ಟೆಸ್ಟಿನಷ್ಟೇ ದೊಡ್ಡ ಜರಡಿ ನಿಮ್ಮ ನಿಜವಾದ ಮಾತು.

ಟೆಸ್ಟ್ ಬೇಕಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಅಂತ 2018ರ ಜುಲೈ 28ರಂದು ಶುರುವಾಗಿದೆ. ಬಿ, ಸಿ ಪರೀಕ್ಷೆ ಪುಕ್ಕಟೆ, ಚಿಕಿತ್ಸೆಯೂ ಪುಕ್ಕಟೆ. ಈಗ ಒಮ್ಮೆ ನೋಡಿಸಿ, ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ. ಲಸಿಕೆ ಇವತ್ತೇ ಶುರು ಮಾಡಿ. ಹಚ್ಚೆಗೆ ಅದು ತಡವಾಗಿರಬಹುದು, ಮುಂದಿನ ಜೀವನಕ್ಕೆ ತಡ ಅಲ್ಲ.

ಮಿರ್ಚಿ ಒಗ್ಗರಣೆ | ಫೆಬ್ರವರಿ 13, ಬೆಳಿಗ್ಗೆ 8.00

ಏನು ಹಚ್ಚೆ ಹಾಕಿಸಿದೆಯೋ ಮಾರಾಯ?

ಹಟ್ಟಿ ಚಿನ್ನ | ಫೆಬ್ರವರಿ 13, ಬೆಳಿಗ್ಗೆ 8.25

ಹುಡುಗಿ ಹೆಸರು. ಈಗ ಅವಳು ಮಾತಾಡ್ತಿಲ್ಲ. ಹಚ್ಚೆ ಇದೆ.

ಮಾನ್ವಿ ಹುಡುಗ | ಫೆಬ್ರವರಿ 27, ಸಂಜೆ 6.10

ನನ್ನದು ಉಲ್ಟಾ ಕಥೆ, ಯಾರಾದರೂ ದಾರಿ ತೋರಿಸಿ. ಗಲ್ಫಿಗೆ ಹೋಗಲು ಮೆಡಿಕಲ್ ಇತ್ತು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದರೆ ಒಳ್ಳೆಯದು ಅಂತ ಯಾರೋ ಹೇಳಿದರು. ಸೋಮವಾರ ಹಾಕಿಸಿದೆ. ಗುರುವಾರ ಮೆಡಿಕಲ್. ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಬಂದಿದೆ! ಯಂತ್ರದ ರಿಪೋರ್ಟಿನಲ್ಲಿ 1.6 ಅಂತ ಇದೆ, 1.0 ದಾಟಿದರೆ ರಿಯಾಕ್ಟಿವ್ ಅಂತೆ. ಅನ್‌ಫಿಟ್ ಬರೆದುಬಿಡ್ತಾರೆ ಅಂತ ಏಜೆಂಟ್ ಹೇಳ್ತಿದ್ದಾನೆ. ಅಪ್ಪ ಹೊಲ ಅಡ ಇಟ್ಟು ದುಡ್ಡು ಕಟ್ಟಿದ್ದಾರೆ. ನಿನ್ನೆಯಿಂದ ಊಟ ಇಳಿದಿಲ್ಲ. ಲಸಿಕೆಯಿಂದಲೇ ರೋಗ ಬಂತಾ?

ಲ್ಯಾಬ್ ಅಣ್ಣ ರಾಯಚೂರು | ಫೆಬ್ರವರಿ 27, ರಾತ್ರಿ 9.15

ಮೊದಲು ಊಟ ಮಾಡಪ್ಪ. ಆಮೇಲೆ ಓದು.

ಲಸಿಕೆಯಿಂದ ರೋಗ ಬರಲ್ಲ. ಅದರಲ್ಲಿ ವೈರಸ್ಸೇ ಇಲ್ಲ. ವೈರಸ್ಸಿನ ಮೇಲಿನ ಸಿಪ್ಪೆಯ ಪ್ರೋಟೀನನ್ನು ಮಾತ್ರ ಯೀಸ್ಟ್‌ನಲ್ಲಿ ಬೆಳೆಸಿ ತೆಗೆದಿರುತ್ತಾರೆ. ಹಿಂದೆ ಹೊರದೇಶದಿಂದ ಬರುತ್ತಿತ್ತು, ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲೇ ತಯಾರಿಸಿದ ಮೇಲೆ ಇಳಿಯಿತು. ನಮ್ಮ ರಾಯಚೂರಿನಿಂದ ರೈಲು ಹತ್ತಿದರೆ ಸಿಗುವ ಊರು ಅಂತ ನನಗೆ ಸ್ವಲ್ಪ ಹೆಮ್ಮೆ.

ಈಗ ಎಚ್‌ಬಿಎಸ್‌ಎಜಿ ಟೆಸ್ಟು ಹುಡುಕುವುದು ಏನನ್ನು? ಅದೇ ಸಿಪ್ಪೆಯ ಪ್ರೋಟೀನನ್ನು! ಸೋಮವಾರ ತೋಳಿಗೆ ಹಾಕಿಸಿಕೊಂಡದ್ದು ಗುರುವಾರ ರಕ್ತದಲ್ಲಿ ಓಡಾಡುತ್ತಿದೆ, ಯಂತ್ರ ಅದನ್ನು ಹಿಡಿದಿದೆ. ಹೀಗಾಗುವುದುಂಟು. ಲಸಿಕೆ ಆದ 18 ದಿನದವರೆಗೆ ಈ ಗೊಂದಲ ಆಗಬಹುದು ಅಂತ ದಾಖಲೆ ಇದೆ. ಸೋಂಕಿದ್ದವರ ಸಂಖ್ಯೆ ಸಾಮಾನ್ಯವಾಗಿ ನೂರು, ಸಾವಿರ ದಾಟಿರುತ್ತೆ. 1.6 ಅನ್ನುವುದು ಗೆರೆ ದಾಟಿಯೂ ದಾಟದಂಥದ್ದು. ಆದರೆ ಸಂಖ್ಯೆ ನೋಡಿ ನಾನು ತೀರ್ಪು ಕೊಡಲ್ಲ.

ಎರಡು ಕೆಲಸ ಮಾಡು. ಒಂದು, ಟೋಟಲ್ ಆಂಟಿ ಎಚ್‌ಬಿಸಿ, ಅಂದ್ರೆ ಕೋರ್ ಆಂಟಿಬಾಡಿ ಟೆಸ್ಟ್ ಮಾಡಿಸು. ಇದು ವೈರಸ್ಸಿನ ಒಳಗಿನ ತಿರುಳಿನ ವಿರುದ್ಧ ಬರುವ ಪ್ರತಿಕಾಯ. ಲಸಿಕೆಯಲ್ಲಿ ತಿರುಳೇ ಇಲ್ಲವಾದ್ದರಿಂದ ಲಸಿಕೆ ಇದನ್ನು ಪಾಸಿಟಿವ್ ಮಾಡಲಾರದು. ಎರಡು, ಮೂರು ನಾಲ್ಕು ವಾರ ಬಿಟ್ಟು ಎಚ್‌ಬಿಎಸ್‌ಎಜಿ ಮತ್ತೊಮ್ಮೆ. ಆ ನಡುವೆ ಎರಡನೇ ಡೋಸ್ ಹಾಕಿಸಿಕೊಂಡು ಮತ್ತೆ ಗೊಂದಲ ಮಾಡಿಕೊಳ್ಳಬೇಡ, ರಕ್ತ ಕೊಟ್ಟ ಮೇಲೆ ಹಾಕಿಸು. ಲಸಿಕೆ ಚೀಟಿ ತಾರೀಖಿನ ಸಮೇತ ಮೆಡಿಕಲ್‌ನವರಿಗೆ ತೋರಿಸು. ಏಜೆಂಟ್ ಮಾತು ಬಿಡು, ಅವನು ಡಾಕ್ಟರ್ ಅಲ್ಲ.

ಭತ್ತದ ನಾಡು | ಮಾರ್ಚ್ 1, ಬೆಳಿಗ್ಗೆ 7.30

ಅಣ್ಣ, ಹಾಗಾದರೆ ಅವ್ವನಿಗೂ ಈಗಲೇ ಆ ಕೋರ್ ಟೆಸ್ಟ್ ಮಾಡಿಸಿ ಮುಗಿಸಬಹುದಲ್ವಾ? ಆರು ತಿಂಗಳು ಯಾಕೆ ಕಾಯಬೇಕು?

ಲ್ಯಾಬ್ ಅಣ್ಣ ರಾಯಚೂರು | ಮಾರ್ಚ್ 1, ರಾತ್ರಿ 10.00

ಒಳ್ಳೆಯ ಪ್ರಶ್ನೆ. ಬೇಡ. ಅವ್ವನ ವಿಷಯ ಬೇರೆ. ಕೋರ್ ಆಂಟಿಬಾಡಿ ಎಚ್‌ಬಿಎಸ್‌ಎಜಿ ಆದ ಮೇಲೆಯೇ ಬರುವುದು, ಈಗ ನೆಗೆಟಿವ್ ಬಂದರೆ ಅದಕ್ಕೆ ಅರ್ಥ ಇಲ್ಲ. ಜೊತೆಗೆ ಅವ್ವ ಇಮ್ಯುನೋಗ್ಲೋಬ್ಯುಲಿನ್ ತಗೊಂಡಿದ್ದಾಳೆ. ಅದು ಬೇರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ. ಅದರ ಜೊತೆ ಕೋರ್ ಆಂಟಿಬಾಡಿಯೂ ಬಂದಿರಬಹುದು. ಈಗ ಪಾಸಿಟಿವ್ ಬಂದರೂ ಅದು ಅವ್ವನದೋ ದಾನಿಯದೋ ಹೇಳಲಾಗಲ್ಲ. ಸಾಲ ತಂದ ಬಂಗಾರ ಹಾಕಿಕೊಂಡವರ ಮನೆ ಆಸ್ತಿ ಲೆಕ್ಕ ಹಾಕಿದಂಗಾಗುತ್ತೆ.

ಟೈಟರ್ ವಿಷಯವೂ ಹಾಗೇ. ಲಸಿಕೆ ಹತ್ತಿತಾ ಅಂತ ನೋಡುವ ಆಂಟಿ ಎಚ್‌ಬಿಎಸ್ ಈಗ ಮಾಡಿಸಿದರೆ ಭರ್ಜರಿ ಬರುತ್ತೆ, ಆದರೆ ಎಲ್ಲ ಕಡ ತಂದದ್ದು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳು ಬಿಟ್ಟು ನೋಡಬೇಕು. ಅಷ್ಟೊತ್ತಿಗೆ ಸಾಲ ತೀರಿರುತ್ತೆ.

ತುಂಗಾ ತೀರ | ಮಾರ್ಚ್ 4, ಮಧ್ಯಾಹ್ನ 3.00

ಸಿರುಗುಪ್ಪ ಕಡೆಯಿಂದ. ನಮ್ಮ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರಿಗೆ ಎಚ್‌ಸಿವಿ ಕಾರ್ಡ್ ಪ್ರತಿ ಸಲ ನೆಗೆಟಿವ್. ಲಿವರ್ ಟೆಸ್ಟಿನ ಎಸ್‌ಜಿಪಿಟಿ ಮಾತ್ರ ಎರಡು ತಿಂಗಳಿಂದ ಏರುತ್ತಿದೆ. ಕಾರ್ಡನ್ನು ನಂಬಿ ಕೂರಬಹುದಾ?

ಕೋಟೆ ಬಿಸಿಲು | ಮಾರ್ಚ್ 4, ಸಂಜೆ 5.40

ಕೂರಬೇಡಿ ಅಮ್ಮ. ಡಯಾಲಿಸಿಸ್‌ನವರಿಗೆ, ಎಚ್‌ಐವಿ ಇರುವವರಿಗೆ, ಕಿಡ್ನಿಯಂಥ ಅಂಗದ ಕಸಿ ಆಗಿ ಮಾತ್ರೆ ತಗೊಳ್ಳುವವರಿಗೆ ದೇಹದ ಶಕ್ತಿ ಕಡಿಮೆ ಇರುತ್ತೆ. ಪ್ರತಿಕಾಯವೇ ಸರಿಯಾಗಿ ತಯಾರಾಗಲ್ಲ. ವೈರಸ್ ಇದ್ದರೂ ಕಾರ್ಡು ನೆಗೆಟಿವ್ ಹೇಳಬಹುದು. ಎಸ್‌ಜಿಪಿಟಿ ಕಾರಣವಿಲ್ಲದೆ ಏರಿದರೆ ಆರ್‌ಎನ್‌ಎ ಮಾಡಿಸಬೇಕು ಅಂತ ನಿಮ್ಮ ಡಾಕ್ಟರಿಗೆ ನೇರವಾಗಿ ಹೇಳಿ. ಬಿ ಲಸಿಕೆ ಆಗಿದೆಯಾ ಅಂತಲೂ ನೋಡಿ, ಡಯಾಲಿಸಿಸ್‌ನವರಿಗೆ ಡೋಸ್ ಜಾಸ್ತಿ ಕೊಡುತ್ತಾರೆ.

ಕಿನ್ನಾಳ ಬೊಂಬೆ | ಮಾರ್ಚ್ 5, ರಾತ್ರಿ 11.20

ಬಹಳ ದಿನದಿಂದ ಓದುತ್ತಿದ್ದೆ, ಇವತ್ತು ಬರೆಯಬೇಕು ಅನ್ನಿಸಿತು. ನನಗೆ ಹೆಪಟೈಟಿಸ್ ಸಿ ಇತ್ತು. ಇತ್ತು, ಈಗ ಇಲ್ಲ.

2019ರಲ್ಲಿ ಹರ್ನಿಯಾ ಆಪರೇಷನ್ನಿಗೆ ಹೋದಾಗ ಗೊತ್ತಾಯಿತು. ಒಂದು ಲಕ್ಷಣ ಇರಲಿಲ್ಲ. ಎಲ್ಲಿಂದ ಬಂತು ಅಂತ ಇಂದಿಗೂ ಗೊತ್ತಿಲ್ಲ. ಚಿಕ್ಕವನಿದ್ದಾಗ ಊರಲ್ಲಿ ಗಾಜಿನ ಸಿರಿಂಜು, ಒಂದೇ ಸೂಜಿ, ಸ್ಟವ್ ಮೇಲೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕುದಿಸಿ ಇಡೀ ಓಣಿಗೆ ಹಾಕುತ್ತಿದ್ದರು. ಕುದಿ ಬಂದರೂ ಬಂತು, ಬರದಿದ್ದರೂ ಬಂತು. ಅದೇ ಇರಬಹುದು, ಅಲ್ಲದೆಯೂ ಇರಬಹುದು.

ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಟೆಸ್ಟ್ ಮಾಡಿದರು, ಲಕ್ಷಗಟ್ಟಲೆ ಬಂತು. ಸರ್ಕಾರದ ಮಾತ್ರೆ, ದಿನಕ್ಕೊಂದು ಹೊತ್ತು, 12 ವಾರ, 84 ದಿನ. ಒಂದು ಪೈಸೆ ಕೊಡಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹೆಂಡತಿ ದಿನಾ ಕುಂಕುಮದ ಚುಕ್ಕೆ ಇಡುತ್ತಿದ್ದಳು. ಮಾತ್ರೆ ಮುಗಿದ ದಿನವೇ ಟೆಸ್ಟ್ ಮಾಡಿ ಅಂತ ಗಲಾಟೆ ಮಾಡಿದೆ. ಡಾಕ್ಟರ್ ನಕ್ಕರು. ಮುಗಿದು 12 ವಾರ ಆದ ಮೇಲೆ ನೋಡಿದರೇ ಅದು ಲೆಕ್ಕ ಅಂದರು. ಆಗ ನೋಡಿದರು, ವೈರಸ್ ಇಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೋದ ವರ್ಷ ಹಲ್ಲು ಕೀಳಿಸಲು ಹೋದೆ. ಕಾರ್ಡ್ ಹಾಕಿದರು. ಎಚ್‌ಸಿವಿ ರಿಯಾಕ್ಟಿವ್. ಆ ಹುಡುಗಿ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಪ್ರತಿಕಾಯ ಜೀವನಪೂರ್ತಿ ಇರುತ್ತೆ, ವೈರಸ್ ಹೋದರೂ ಅದು ಹೋಗಲ್ಲ ಅಂತ ನಾನೇ ಅವಳಿಗೆ ಪಾಠ ಹೇಳಬೇಕಾಯಿತು. ಈಗ ಎಲ್ಲಿಗೆ ಹೋದರೂ ಆರ್‌ಎನ್‌ಎ ರಿಪೋರ್ಟಿನ ಲ್ಯಾಮಿನೇಷನ್ ಜೇಬಿನಲ್ಲಿ.

ನನ್ನಂಥವರಿಗೆ ಕಾರ್ಡು ಯಾವತ್ತೂ ಸುಳ್ಳೇ ಹೇಳುತ್ತೆ. ಮತ್ತೆ ತಗುಲಿತಾ ಅಂತ ನೋಡಬೇಕಾದರೂ ಆರ್‌ಎನ್‌ಎ ಒಂದೇ ದಾರಿ.

ಮಿರ್ಚಿ ಒಗ್ಗರಣೆ | ಮಾರ್ಚ್ 6, ಬೆಳಿಗ್ಗೆ 7.40

ಅಣ್ಣಾವ್ರೆ, ನಿಮ್ಮದು ಓದಿ ಸುಮ್ಮನಾದೆ. ನಮ್ಮೂರಲ್ಲೂ ಆ ಸ್ಟೀಲ್ ಡಬ್ಬಿ ಇತ್ತು. ನಾನೂ ಅದರಿಂದ ಹಾಕಿಸಿಕೊಂಡವನೇ. ನನ್ನಂಥವರು ಆರು ತಿಂಗಳು ಕಾಯುವುದೇನೂ ಬೇಡ ಅಲ್ವಾ, ಮೂವತ್ತು ವರ್ಷ ಆಗಿದೆ?

ಲ್ಯಾಬ್ ಅಣ್ಣ ರಾಯಚೂರು | ಮಾರ್ಚ್ 6, ರಾತ್ರಿ 9.30

ಬೇಡ. ನಿಮಗೆ ಒಂದೇ ಸಲ ಸಾಕು, ನಾಳೆ ಬಂದರೂ ಆಗುತ್ತೆ. ನೆಗೆಟಿವ್ ಅಂದ್ರೆ ನೆಗೆಟಿವ್.

ಭತ್ತದ ನಾಡು | ಮಾರ್ಚ್ 19, ರಾತ್ರಿ 8.00

ಆರು ವಾರದ್ದು ಬಂತು. ಎಚ್‌ಬಿಎಸ್‌ಎಜಿ, ಎಚ್‌ಐವಿ ನಾನ್ ರಿಯಾಕ್ಟಿವ್. ಎಚ್‌ಸಿವಿ ಆರ್‌ಎನ್‌ಎ ಪತ್ತೆಯಾಗಿಲ್ಲ ಅಂತ ಬರೆದಿದ್ದಾರೆ. ಎರಡನೇ ಡೋಸ್ ಮೊನ್ನೆ 9ಕ್ಕೇ ಆಗಿದೆ. ಮಾನ್ವಿ ಹುಡುಗನ ಕಥೆ ಓದಿದ್ದರಿಂದ ಲ್ಯಾಬಿನವರಿಗೆ ಮೊದಲೇ ಲಸಿಕೆಯ ತಾರೀಖು ಹೇಳಿದ್ದೆ. ಆ ಹುಡುಗಿ 'ನೀವು ಮೆಡಿಕಲ್ ಲೈನಾ?' ಅಂದಳು.

ಅವ್ವ ಮಾತ್ರ ಇನ್ನೂ ಕೇಳ್ತಾಳೆ: 'ಏನೂ ಇಲ್ಲ ಅಂತ ಅವತ್ತೇ ಹೇಳಿದ್ದರಲ್ಲ, ಮತ್ತೆ ಮತ್ತೆ ಯಾಕೆ ರಕ್ತ ಹೀರ್ತಾರೆ?'

ಮಾನ್ವಿ ಹುಡುಗ | ಮಾರ್ಚ್ 26, ಬೆಳಿಗ್ಗೆ 11.00

ನಾನ್ ರಿಯಾಕ್ಟಿವ್!! 0.3. ಕೋರ್ ಕೂಡ ನೆಗೆಟಿವ್. ಮತ್ತೆ ಮೆಡಿಕಲ್‌ಗೆ ತಾರೀಖು ಕೊಟ್ಟಿದ್ದಾರೆ. ಲ್ಯಾಬ್ ಅಣ್ಣ, ಹೋಗುವ ಮುಂಚೆ ರಾಯಚೂರಿಗೆ ಬಂದು ನಿಮಗೆ ಊಟ ಹಾಕಿಸದೆ ಹೋಗಲ್ಲ.

ಲ್ಯಾಬ್ ಅಣ್ಣ ರಾಯಚೂರು | ಮಾರ್ಚ್ 26, ಮಧ್ಯಾಹ್ನ 2.10

ಊಟ ಬೇಡ, ಬಿಸಿಲು ಜಾಸ್ತಿ. ಮಜ್ಜಿಗೆ ಸಾಕು. ಎರಡನೇ ಡೋಸ್ ಮರೆಯಬೇಡ, ಮೆಡಿಕಲ್ ಮುಗಿದ ಮೇಲೆ.

ತುಂಗಾ ತೀರ | ಏಪ್ರಿಲ್ 2, ಸಂಜೆ 4.15

ಆರ್‌ಎನ್‌ಎ ಪಾಸಿಟಿವ್ ಬಂತು. ಕಾರ್ಡು ಈಗಲೂ ನೆಗೆಟಿವ್. ಮಾತ್ರೆ ಶುರು ಮಾಡಿದ್ದಾರೆ. ಕಿಡ್ನಿಯವರಿಗೂ ಆಗುತ್ತೆ ಅಂದರು. ಅಳು ಬರ್ತಿದೆ, ಆದರೆ ಗೊತ್ತಾಯಿತಲ್ಲ.

ಕಿನ್ನಾಳ ಬೊಂಬೆ | ಏಪ್ರಿಲ್ 2, ಸಂಜೆ 5.00

ಅಕ್ಕ, ನೂರಕ್ಕೆ ತೊಂಬತ್ತೈದು ಜನ ಗುಣವಾಗುವ ಮಾತ್ರೆ ಅದು. ಕ್ಯಾಲೆಂಡರ್ ತಗೊಳ್ಳಿ, ಚುಕ್ಕೆ ಇಡಲು ಶುರು ಮಾಡಿ. ಏನಾದರೂ ಇದ್ದರೆ ಇಲ್ಲೇ ಬರೆಯಿರಿ, ನಾನಿದ್ದೇನೆ.

ಭತ್ತದ ನಾಡು | ಆಗಸ್ಟ್ 11, ರಾತ್ರಿ 9.10

ಮೇ ತಿಂಗಳದ್ದು ಬರೆಯಲು ಮರೆತೆ, ಎಲ್ಲ ಸರಿ ಇತ್ತು. ಈಗ ಆರು ತಿಂಗಳದ್ದು. ಎಚ್‌ಬಿಎಸ್‌ಎಜಿ, ಕೋರ್ ಆಂಟಿಬಾಡಿ, ಆಂಟಿ ಎಚ್‌ಸಿವಿ, ಮೂರೂ ನಾನ್ ರಿಯಾಕ್ಟಿವ್. ರಕ್ತ ಕೊಟ್ಟ ಮೇಲೆ ಮೂರನೇ ಡೋಸ್ ಹಾಕಿಸಿದೆ. ಈಗ ನಂಬಬಹುದಾ ಅಣ್ಣ?

ಲ್ಯಾಬ್ ಅಣ್ಣ ರಾಯಚೂರು | ಆಗಸ್ಟ್ 11, ರಾತ್ರಿ 9.14

ಈಗ ನಂಬಿ. ಫೈಲು ಮುಚ್ಚಿ.

ಭತ್ತದ ನಾಡು | ಅಕ್ಟೋಬರ್ 3, ರಾತ್ರಿ 8.45

ಟೈಟರ್ ಬಂತು: 212. 10 ದಾಟಿದರೆ ಸಾಕು ಅಂತ ಡಾಕ್ಟರ್ ಹೇಳಿದರು. ಅವ್ವ ಎಲ್ಲ ರಿಪೋರ್ಟುಗಳನ್ನು ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾಳೆ. ಏಜೆನ್ಸಿಯವರು ಅರ್ಧ ದುಡ್ಡು ಕೊಟ್ಟರು, ಅರ್ಧ ಕೊಡ್ತೀವಿ ಅಂತಲೇ ಇದ್ದಾರೆ. ಅಲ್ಲಿ ಬಿಳಿ ಡಬ್ಬಿ ಬಂದಿದೆ.

ಅವ್ವನ ಜೊತೆ ಕೆಲಸ ಮಾಡುವ ಮೂವರಲ್ಲಿ ಇಬ್ಬರು ಲಸಿಕೆ ಶುರು ಮಾಡಿದ್ದಾರೆ.

ಕೋಟೆ ಬಿಸಿಲು | ಅಕ್ಟೋಬರ್ 3, ರಾತ್ರಿ 9.05

ಮೂರನೆಯವರದು ಏನಾಯ್ತು?

ಭತ್ತದ ನಾಡು | ಅಕ್ಟೋಬರ್ 3, ರಾತ್ರಿ 9.07

ಅವರಿಗೆ ಸೂಜಿ ಅಂದ್ರೆ ಹೆದರಿಕೆಯಂತೆ ಅಕ್ಕ.